ವಿಂಟರ್ಸ್‌ವೈಕ್‌ನ ಅಡುಗೆಮನೆಯಲ್ಲಿ ಲೇನಾ ಅವರ ಊಟ

ಶನಿವಾರ ಬೆಳಿಗ್ಗೆ ಹೂಫ್‌ಡಾರ್ಪ್ ನಿಲ್ದಾಣದಲ್ಲಿ ರೈಲು ಹತ್ತಿದವರು ನಾವು ಮೂವರು. ನಾನು, ಗದಗಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ ಶಾಂತವ್ವ, ಮತ್ತು ಪಕ್ಕದ ಮನೆಯ ವಿಮ್. ನನ್ನ ಯಜಮಾನರು ಆಫೀಸಿನ ಕೆಲಸವೆಂದು ನುಣುಚಿಕೊಂಡಿದ್ದರು. ೧೯೯೮ರ ಅಕ್ಟೋಬರ್, ಕೊಡೆ ಉಲ್ಟಾ ಹೊಡೆಯುವಂಥ ಗಾಳಿ. ವಿಮ್ ಅವರ ರಿಯಾಯಿತಿ ಕಾರ್ಡಿನಿಂದ ಜೊತೆಯಲ್ಲಿದ್ದ ನಮಗೂ ಟಿಕೆಟ್‌ನಲ್ಲಿ ಶೇಕಡಾ ನಲವತ್ತು ಕಡಿತ ಸಿಕ್ಕಿತು. ಅತ್ತೆಯ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ರೈಲಿನಲ್ಲಿ ಆ ಬೆಳ್ಳುಳ್ಳಿ ವಾಸನೆ ಹಬ್ಬಿದರೆ ಏನು ಗತಿ ಎಂಬುದೇ ನನ್ನ ಚಿಂತೆ.

ನಾವು ಹೊರಟದ್ದು ಜರ್ಮನ್ ಗಡಿಗೆ ಅಂಟಿಕೊಂಡಿರುವ ವಿಂಟರ್ಸ್‌ವೈಕ್ ಎಂಬ ಡಚ್ ಊರಿಗೆ. ಹಿಂದೆ ದುಡಿಯಲು ಬಂದು ಇಲ್ಲೇ ನೆಲೆನಿಂತ ಜರ್ಮನರ ಬಗ್ಗೆ ಅಲ್ಲೊಂದು ಸಣ್ಣ ಪ್ರದರ್ಶನ ನಡೆದಿತ್ತು. ವಿಮ್ ಅವರ ತಾಯಿ ಲೇನಾ ಕೂಡ ಹಾಗೆ ಬಂದವರೇ. ಹದಿನೇಳನೆಯ ವಯಸ್ಸಿನಲ್ಲಿ ವೆಸ್ಟ್‌ಫಾಲಿಯಾದ ಹಳ್ಳಿಯಿಂದ ಗಡಿ ದಾಟಿ, ಹೇಗ್ ನಗರದ ಸಿರಿವಂತರ ಮನೆಗೆ ಕೆಲಸಕ್ಕೆ ಸೇರಿ, ಮುಂದೆ ವಿಂಟರ್ಸ್‌ವೈಕ್‌ನ ಬಡಗಿಯೊಬ್ಬನನ್ನು ಮದುವೆಯಾದವರು. ಈಗ ಎಂಬತ್ತಾರು ವರ್ಷ. ನೆನಪು ಕೈಕೊಡತೊಡಗಿತ್ತು.

ಆರ್ನೆಮ್‌ನಲ್ಲಿ ಗಾಡಿ ಬದಲಿಸಿ ಡೀಸೆಲ್ ರೈಲಿನಲ್ಲಿ ಕೂತ ಮೇಲೆ ವಿಮ್ ಬಾಯಿಬಿಟ್ಟರು. ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿ ಎರಡು ವಾರವಾಗಿತ್ತು. ಅಂದಿನಿಂದ ಬಿಸ್ಕತ್ತು, ಕಾಫಿ ಬಿಟ್ಟರೆ ಏನನ್ನೂ ಮುಟ್ಟುತ್ತಿಲ್ಲ. ಸೋಮವಾರದವರೆಗೆ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನ ಮೂಲಕ ನಳಿಗೆ ಹಾಕಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. "ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡ್ತಿದ್ದಾಳೆ ಅನಿಸುತ್ತೆ" ಎಂದು ವಿಮ್ ಕಿಟಕಿಯ ಕಡೆ ತಿರುಗಿದರು. ನಾನು ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. "ಅಯ್ಯ ಶಿವನೇ, ಹಡದಾಕಿಗೆ ಮಗನ ಮ್ಯಾಲ ಅಂಥಾ ಸಿಟ್ಟು ಇರತೈತೇನ?" ಎಂದರು ಅತ್ತೆ.

ಪ್ರದರ್ಶನವಿದ್ದದ್ದು ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ. ಬೇಸಗೆಯಲ್ಲಿ ಹುಲ್ಲು ಕೊಯ್ಯಲು ನಡೆದುಕೊಂಡೇ ಬರುತ್ತಿದ್ದ ಗಂಡಸರ ಉದ್ದ ಹಿಡಿಕೆಯ ಕುಡುಗೋಲು, ಬಟ್ಟೆಯ ಗಂಟು ಹೊತ್ತು ಮನೆಮನೆ ತಿರುಗುತ್ತಿದ್ದ ವ್ಯಾಪಾರಿಗಳ ಬೆನ್ನುಚೀಲ ಅಲ್ಲಿದ್ದವು. ಎರಡನೆಯ ಕೋಣೆ ಪೂರ್ತಿ ಕೆಲಸದ ಹುಡುಗಿಯರದು. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ದುಡ್ಡಿಗೆ ಬೆಲೆಯಿಲ್ಲದಾದಾಗ ಇಂಥ ಹುಡುಗಿಯರು ಹಿಂಡುಹಿಂಡಾಗಿ ಬಂದರಂತೆ. ಲೇನಾ ಅವರ ಗಂಜಿ ಹಾಕಿದ ಬಿಳಿ ಏಪ್ರನ್ ಗಾಜಿನೊಳಗಿತ್ತು. ಎರಡನೆಯ ಯುದ್ಧ ಮುಗಿದ ಮೇಲೆ ಜರ್ಮನ್ ಮಾತು ಕೇಳಿದರೆ ಜನ ಮುಖ ತಿರುಗಿಸುತ್ತಿದ್ದರು, ಹಾಗಾಗಿ ತಾಯಿ ಅದನ್ನು ಇಷ್ಟು ವರ್ಷ ಅಟ್ಟದಲ್ಲಿ ಅಡಗಿಸಿಟ್ಟಿದ್ದಳು ಎಂದರು ವಿಮ್. ಅತ್ತೆ ಏಪ್ರನ್ನಿನ ಮುಂದೆ ನಿಂತು ಅದರ ಹೊಲಿಗೆಯನ್ನು ನೋಡಿದ್ದೇ ನೋಡಿದ್ದು. ನಾನೇ ಕೈಹಿಡಿದು ಎಳೆದುಕೊಂಡು ಹೊರಟೆ.

ವೃದ್ಧಾಶ್ರಮ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಇಲ್ಲಿ ಮಧ್ಯಾಹ್ನವೇ ಬಿಸಿಯೂಟ. ಊಟದ ಕೋಣೆಯಲ್ಲಿ ಆಲೂಗಡ್ಡೆ, ಹುರುಳಿಕಾಯಿ, ಮಾಂಸದ ತಟ್ಟೆಗಳು ಬಂದಿದ್ದವು. ಊಟ ಬಿಟ್ಟಿದ್ದಾರೆಂಬ ಕಾಳಜಿಗೆ ಸಿಬ್ಬಂದಿ ಲೇನಾ ಅವರಿಗೆ ಕಿಟಕಿ ಪಕ್ಕದ ಒಳ್ಳೆಯ ಕುರ್ಚಿ ಕೊಟ್ಟು, ಮುಂದೆ ಹೂವಿನ ಕುಂಡ ಇಟ್ಟು, ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದರು. ಆದರೆ ಅವರು ಕೂತರೆ ತಾನೆ! ಕಡ್ಡಿಯಂತಿದ್ದ ಆ ಮುದುಕಿ ಮೇಜಿನಿಂದ ಮೇಜಿಗೆ ಹೋಗಿ ನೀರು ಬಗ್ಗಿಸುವುದು, ಚಮಚ ಸರಿಮಾಡುವುದು. ನರ್ಸ್ ತೋಳು ಹಿಡಿದು ಕೂರಿಸಿದರೆ ಮರುಕ್ಷಣ ಎದ್ದು ಗೋಡೆಗೆ ಆತು ನಿಲ್ಲುವರು. ವಿಮ್ ತುತ್ತು ಹಿಡಿದರೆ ಹೆದರಿ ತುಟಿ ಬಿಗಿದರು.

ಅತ್ತೆ ನನ್ನ ಮೊಣಕೈ ತಿವಿದರು. "ಏ ವಿಜಯಾ, ಆಕಿ ಹೆಂಗ ಉಣ್ತಾಳ? ಎಲ್ಲಾರೂ ಇನ್ನಾ ಉಣಾಕತ್ಯಾರ. ಬಡಸೋ ಹೆಣ್ಮಗಳ್ನ ಮೊದಲ ಕುಂದರಿಸಿ, ಮುಂದ ಹೂವು ಇಟ್ರ, ಗಂಟಲದಾಗ ತುತ್ತು ಇಳೀತದೇನ?"

"ಅತ್ತೆ, ಸುಮ್ನಿರಿ. ಇದು ನಮ್ಮ ಮನೆ ಅಲ್ಲ."

"ಮನಿ ಯಾವದಾದರೇನ? ಎಲ್ಲಾರೂ ಎದ್ದಮ್ಯಾಗ ಅಡಗಿಮನಿಯಾಗ ತಾಟು ಹಚ್ಚಿಕೊಡ್ರಿ ಅನ್ನು."

ನಾಚಿಕೆಯಿಂದಲೇ ವಿಮ್‌ಗೆ ಹೇಳಿದೆ. ಅವರು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು. "ಮನೆಯಲ್ಲೂ ಅವಳು ನಮ್ಮ ಜೊತೆ ಕೂತು ಉಂಡದ್ದು ನನಗೆ ನೆನಪಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುವುದು ಅವಳಿಗೆ ಇಷ್ಟ ಅಂದುಕೊಂಡಿದ್ದೆವು" ಎಂದರು.

ಅಡುಗೆಮನೆಯ ಮುಖ್ಯಸ್ಥೆ ಹೊರಗಿನವರು ಒಳಗೆ ಬರುವಂತಿಲ್ಲ ಎಂದು ನಿಯಮ ಹೇಳಿದಳು. ವಿಮ್ ಕೈಮುಗಿಯುವುದೊಂದು ಬಾಕಿ. ಕೊನೆಗೆ ಅವಳೇ ಮೂಲೆಯ ಸಣ್ಣ ಮೇಜು ಒರೆಸಿ ಕೊಟ್ಟಳು. ಊಟದ ಕೋಣೆ ಖಾಲಿಯಾಗುವವರೆಗೆ ಕಾದೆವು. ಅತ್ತೆ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ತಮ್ಮ ಬುತ್ತಿ ಬಿಚ್ಚಿ, ಎದುರಿನ ಸ್ಟೂಲನ್ನು ಕೈಯಿಂದ ತಟ್ಟಿದರು. "ಬಾರವಾ, ಎಲ್ಲಾರದೂ ಆತು. ಇನ್ನ ನಮ್ಮದು."

ಲೇನಾ ಬಾಗಿಲಲ್ಲಿ ನಿಂತು ಖಾಲಿ ಊಟದ ಕೋಣೆಯನ್ನು ಒಮ್ಮೆ ನೋಡಿದರು. ಮಗನತ್ತ ತಿರುಗಿ ಜರ್ಮನ್‌ನಲ್ಲಿ ಏನೋ ಕೇಳಿದರು. ವಿಮ್ ತಡವರಿಸುತ್ತ ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಮನೆಯ ಧಣಿಗಳ ಊಟ ಆಯಿತೇ ಎಂದು ಆಕೆ ಕೇಳಿದ್ದರಂತೆ. ಎಲ್ಲರದೂ ಆಯಿತು ಎಂದು ಇವರು ಹೇಳಿದ್ದರಂತೆ. ಲೇನಾ ಬಂದು ಕೂತರು. ಆಲೂಗಡ್ಡೆಯನ್ನು ಫೋರ್ಕಿನಿಂದ ಮುರಿದು ಬಾಯಿಗಿಟ್ಟರು. ಒಂದು, ಇನ್ನೊಂದು, ಆಮೇಲೆ ಬೇಗಬೇಗ, ಹಸಿದವರು ತಿನ್ನುವ ಹಾಗೆ. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ಅತ್ತೆ ಮಾತ್ರ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದರು. ಅಡುಗೆಮನೆಯ ತುಂಬ ಬೆಳ್ಳುಳ್ಳಿ ವಾಸನೆ. ಯಾರೂ ಮೂಗು ಮುಚ್ಚಲಿಲ್ಲ.

ನರ್ಸ್ ವೈದ್ಯರಿಗೆ ಫೋನ್ ಮಾಡಿ ಬಂದಳು. ಇನ್ನು ಮುಂದೆ ದಿನವೂ ಅದೇ ಮೇಜಿನಲ್ಲಿ ಬಡಿಸುವುದು, ಸೋಮವಾರ ಆಸ್ಪತ್ರೆಗೆ ಹೋಗುವ ಅಗತ್ಯವಿಲ್ಲ ಎಂದಾಯಿತು. ವಿಮ್ ಎದೆಯ ಮೇಲಿನ ಕಲ್ಲು ಇಳಿದವರಂತೆ ಉಸಿರು ಬಿಟ್ಟು, ಆ ರಾತ್ರಿ ಅಲ್ಲೇ ಉಳಿಯುವುದಾಗಿ ಹೇಳಿದರು. ಐದೂವರೆ ವಾರದಿಂದ ನಮ್ಮ ಮನೆಯಲ್ಲಿದ್ದ ಅತ್ತೆ ನನ್ನ, ನನ್ನ ಯಜಮಾನರ ಊಟ ಮುಗಿದ ಮೇಲೆ ಏನು ಉಣ್ಣುತ್ತಿದ್ದರೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಕೋಟು ಹಾಕಿಕೊಳ್ಳುವಾಗ ಅದು ತಲೆಗೆ ಹೊಳೆದು ಮೈ ಬಿಸಿಯಾಯಿತು.

ಗಾಳಿ ನಿಂತಿತ್ತು. ರಸ್ತೆಗೆ ಬಂದು ಹಿಂತಿರುಗಿ ನೋಡಿದರೆ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ವಿಮ್ ಅಂಗಿಯ ತೋಳು ಮಡಚಿಕೊಂಡು ಸಿಂಕಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ಲೇನಾ ಎದ್ದಿರಲಿಲ್ಲ, ಅವರಿಗೆ ಸಹಾಯ ಮಾಡಲೂ ಹೋಗಿರಲಿಲ್ಲ. ಅತ್ತೆ ಕಣ್ಣು ಕಿರಿದುಮಾಡಿ ನೋಡಿ ನನ್ನ ತೋಳು ಹಿಡಿದರು.

"ನೋಡಿಲ್ಲೆ, ಎರಡನೇ ಸಲ ಹಾಕಿಸಿಕೊಂಡಾಳ."