ಸೂಜಿ ತಂದವನು

ನಮ್ಮಪ್ಪ ಕಳ್ಳಸಾಗಣೆ ಮಾಡುತ್ತಿದ್ದ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಇಲ್ಲದಿದ್ದರೆ ನಡುವೆ ಎಲ್ಲೋ ಧೈರ್ಯ ಕೈಕೊಡುತ್ತದೆ, ಆಮೇಲೆ ನಾನೂ ಎಲ್ಲರ ಹಾಗೆ ಸುತ್ತಿ ಬಳಸಿ ಬರೆಯಲು ಶುರುಮಾಡುತ್ತೇನೆ.

ನಮ್ಮ ಬಂದರಿನ ಉಡುಪು ತಯಾರಕರ ಸಂಘಕ್ಕೆ ಈ ವರ್ಷ ಐವತ್ತು ತುಂಬಿತು. ಅದಕ್ಕೊಂದು ದಪ್ಪ ಪುಸ್ತಕ ತರುತ್ತಿದ್ದಾರೆ. ಮೊದಮೊದಲು ದುಡಿದ ಒಬ್ಬೊಬ್ಬರಿಗೂ ಒಂದು ಪುಟ, ಒಂದು ಫೋಟೋ. ನಾನು ಒಂದು ಕಾರ್ಖಾನೆಯ ಕಟಿಂಗ್ ವಿಭಾಗದ ಮೇಲ್ವಿಚಾರಕಿ. ಸಂಘದ ಸಭೆಗಳ ವರದಿಯನ್ನೂ ನಾನೇ ಬರೆಯುವುದರಿಂದ ಕಾರ್ಯದರ್ಶಿ ನನ್ನನ್ನು ಕರೆದು, "ನಿಮ್ಮ ತಂದೆ ಪುಟ ನೀವೇ ಬರ್ಕೊಡಿ, ನಮಗೂ ಸುಲಭ" ಎಂದು ಒಂದು ನಮೂನೆ ಕೊಟ್ಟರು. ಫೋಟೋದ ಕೆಳಗೆ ಏನಿರಬೇಕೆಂದು ಆ ಪುಣ್ಯಾತ್ಮರು ಆಗಲೇ ತುಂಬಿಬಿಟ್ಟಿದ್ದರು: "ಹಿರಿಯ ಇಸ್ತ್ರಿ ಕೆಲಸಗಾರ. ಮೂವತ್ತೊಂದು ವರ್ಷಗಳ ನಿಷ್ಠಾವಂತ ಸೇವೆ." ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಎಪ್ಪತ್ತೊಂಬತ್ತರ ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ.

"ತಪ್ಪೇನಿದೆ? ಇಸ್ತ್ರಿ ಮಾಡಿದ್ದು ನಿಜ ತಾನೆ?"

"ಅದಕ್ಕೂ ಮುಂಚಿನ ಮೂರು ವರ್ಷ?"

"ಊರಲ್ಲಿರ್ಲಿಲ್ಲ ಅಂತ ಬರಿ."

ಆಮೇಲೆ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ: "ನಾನು ಹೋದ್ಮೇಲೆ ಜನ ಏನಾದ್ರೂ ಅಂದ್ಕೊಳ್ಲಿ. ಇರುವಾಗ ಒಂದ್ಸಲ ಯಾರಾದ್ರೂ ಸರಿಯಾಗಿ ಹೇಳಿದ್ರೆ ಚೆನ್ನಾಗಿತ್ತು." ಅಪ್ಪ ನನ್ನಿಂದ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಏನೇ ಆಗಲಿ, ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿಸಿಯೇ ಸಿದ್ಧ ಎಂದುಕೊಂಡೆ. ಒಂದೇ ತೊಡಕು. ಪ್ರತಿ ಪುಟಕ್ಕೂ ಸಂಘದ ಅಧ್ಯಕ್ಷರ ಸಹಿ ಬೇಕು. ಅಧ್ಯಕ್ಷರು ನಮ್ಮ ಸೋದರಮಾವ. ಆ ಮೂರು ವರ್ಷದ ಕಥೆ ಬರೆದರೆ ಅದರಲ್ಲಿ ಮಾವನೂ ಬರುತ್ತಾರೆ.

ಈಗಿನವರಿಗೆ ಹೇಳಿದರೆ ನಗುತ್ತಾರೆ, ಆಗ ಹೊರದೇಶದ ಸೂಜಿ ತರುವುದು ಅಪರಾಧ. ಚಿನ್ನದ ಬಿಸ್ಕತ್ತಲ್ಲ, ಅಫೀಮಲ್ಲ, ಹೊಲಿಗೆ ಯಂತ್ರದ ಸೂಜಿ! ದೇಶ ಹೊಸದು. ನಮಗೆ ಬೇಕಾದದ್ದನ್ನು ನಾವೇ ಮಾಡಿಕೊಳ್ಳಬೇಕು ಎಂದು ಸರ್ಕಾರ ಹೊರಗಿನ ಮಾಲಿಗೆ ಬಾಗಿಲು ಹಾಕಿತು. ಉದ್ದೇಶ ಒಳ್ಳೆಯದೇ, ನಾನು ಹಳಿಯುವುದಿಲ್ಲ. ಆದರೆ ಬಾಗಿಲು ಹಾಕುವ ಮುಂಚೆ ಮನೆಯೊಳಗೆ ಸೂಜಿ ಇದೆಯೋ ಇಲ್ಲವೋ ಯಾರೂ ನೋಡಲಿಲ್ಲ. ನಮ್ಮಲ್ಲಿ ಮಾಡಿದ ಸೂಜಿ ದಪ್ಪ ಬಟ್ಟೆ ಕಂಡರೆ ಟಪ್ಪೆಂದು ಮುರಿಯುತ್ತಿತ್ತು. ಆಗ ದರ್ಜಿಯಾಗಿದ್ದ ಮಾವನ ಪಕ್ಕದ ಅಂಗಡಿಯಲ್ಲಿ ಮುರಿದ ತುದಿ ಹಾರಿ ಒಬ್ಬ ದರ್ಜಿಯ ಕಣ್ಣೇ ಹೋಯಿತು. ಅರ್ಧ ದಿನ ಹೊಲಿಗೆ, ಅರ್ಧ ದಿನ ಸೂಜಿ ಹುಡುಕಾಟ.

ಈ ಪುಟಕ್ಕೆಂದು ನಾನು ರಜೆ ಹಾಕಿ ಗ್ರಂಥಾಲಯದಲ್ಲಿ ಕುಳಿತು ಅಷ್ಟಿಷ್ಟು ಓದಿದೆ. ಯಾವ ದೇಶದ ಚರಿತ್ರೆ ತೆರೆದರೂ ಒಬ್ಬ ಮನುಷ್ಯ ಬಟ್ಟೆಯೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಗಡಿ ದಾಟುತ್ತಿರುತ್ತಾನೆ. ಗಿಡದ ಬೀಜ, ಯಂತ್ರದ ನಕ್ಷೆ, ಓದಬಾರದೆಂದ ಪುಸ್ತಕ. ಇವತ್ತು ಗಡಿಯಲ್ಲಿ ಎದೆ ಸೆಟೆಸಿ ನಿಂತ ಎಷ್ಟೋ ದೇಶಗಳು ಚಿಕ್ಕವಿದ್ದಾಗ ಪಕ್ಕದವರ ಮನೆಯಿಂದ ಎತ್ತಿಕೊಂಡು ಬಂದವೇ. ಬೆಳೆದ ಮೇಲೆ ಅವೇ ಕಾನೂನು ಬರೆಯುತ್ತವೆ, ತಂದವನನ್ನು ಮರೆಯುತ್ತವೆ. ಹಾಗೆಂದು ಆ ದಾರಿ ಪವಿತ್ರ ಎನ್ನಲು ನನಗೆ ಬಾಯಿ ಬಾರದು. ಅದೇ ದಾರಿಯಲ್ಲಿ ಬಂದೂಕು ಬರುತ್ತದೆ, ಮಕ್ಕಳ ಜೀವ ತೆಗೆಯುವ ನಕಲಿ ಔಷಧಿ ಬರುತ್ತದೆ. ಒಳಗೆ ಬಂದದ್ದು ಏನು, ಅದರಿಂದ ಆಮೇಲೆ ಯಾರು ಏನು ಮಾಡಿದರು ಎಂದು ಒಂದೊಂದನ್ನೂ ಬಿಡಿಬಿಡಿಯಾಗಿಯೇ ನೋಡಬೇಕು.

ಅಪ್ಪ ಸರಕಿನ ಹಡಗೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸದಲ್ಲಿದ್ದ. ಮಾವನದು ಬಂದರಿನ ಹಿಂದಿನ ಬೀದಿಯಲ್ಲಿ ಎರಡು ಯಂತ್ರದ ದರ್ಜಿ ಅಂಗಡಿ. ಅಪ್ಪನಿಗಾಗಿ ಮಾವ ಒಂದು ಒಳಂಗಿ ಹೊಲಿದರು. ತೋಳಿಲ್ಲ, ಗುಂಡಿಯಿಲ್ಲ, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. ಹಿಂದೆ ಮುಂದೆ ಸೇರಿ ಅರವತ್ತು ಪುಟ್ಟ ಜೇಬು, ಒಂದೊಂದರಲ್ಲೂ ಸೂಜಿಯ ಒಂದೊಂದು ಪೊಟ್ಟಣ. ಮೈಯಲ್ಲಿ ಮಾಲಿದ್ದವರು ಬೆನ್ನು ಸೆಟೆದುಕೊಂಡು ನಡೆಯುತ್ತಾರೆ, ಸುಂಕದವರು ಹಿಡಿಯುವುದೇ ಆ ನಡಿಗೆ ನೋಡಿ. ಅದಕ್ಕೆ ಜೇಬಿನಲ್ಲಿ ಜಲ್ಲಿ ತುಂಬಿಕೊಂಡು ಅಪ್ಪ ಅಂಗಡಿಯೊಳಗೆ ಅತ್ತಿಂದಿತ್ತ ನಡೆದು ಅಭ್ಯಾಸ ಮಾಡುತ್ತಿದ್ದ. ಅಲ್ಲೇ ಕೂತು ಕೈಹೊಲಿಗೆ ಮಾಡುತ್ತಿದ್ದ ಮಾವನ ತಂಗಿ, "ಎಷ್ಟು ತಿಂಗಳು ನಿಮಗೆ?" ಎಂದು ಕೇಳಿದಳಂತೆ. ಆ ತಂಗಿ ನಮ್ಮಮ್ಮ.

ಇನ್ನೂ ಒಂದು ತಮಾಷೆ ಇದೆ. ಸುಂಕದ ಅಧಿಕಾರಿಗಳ ಸಮವಸ್ತ್ರವೂ ಮಾವನ ಅಂಗಡಿಯಲ್ಲೇ ಹೊಲಿಸುವುದು. ಕಳ್ಳಮಾಲು ಹಿಡಿಯುವವರ ಕೋಟನ್ನು ಕಳ್ಳಮಾಲಿನ ಸೂಜಿಯೇ ಹೊಲಿಯುತ್ತಿತ್ತು. ಹೊಲಿಗೆ ಎಷ್ಟು ನೇರವಾಗಿದೆ ಎಂದು ಅವರೂ ಹೊಗಳುತ್ತಿದ್ದರಂತೆ.

ಏಳು ಸಲ ಅಪ್ಪ ತಂದ. ಎಂಟನೆಯ ಸಲದ ಒಳಂಗಿ ಹೊಸದು, ಹಳೆಯದು ಹರಿದಿತ್ತೆಂದು ಮಾವ ಅವಸರದಲ್ಲಿ ಹೊಲಿದುಕೊಟ್ಟದ್ದು. ಆ ಸಲ ಹಡಗಿನಿಂದ ಇಳಿದಾಗ ಪರಿಚಯದ ಅಧಿಕಾರಿ ಎದುರಾದರು. ಹಡಗು ಬಂದಾಗಲೆಲ್ಲ ಕೋಟು ಕಳಿಸುತ್ತಿದ್ದವರು, ಅಪ್ಪನ ಕೈಯ ಇಸ್ತ್ರಿ ಎಂದರೆ ಅವರಿಗೆ ಪ್ರಾಣ. "ಏನಪ್ಪಾ, ಆರಾಮಾ?" ಎಂದು ಪ್ರೀತಿಯಿಂದ ಬೆನ್ನಿಗೊಂದು ಏಟು ಕೊಟ್ಟರು. ಒಂದು ಪೊಟ್ಟಣ ಒಡೆದಿತ್ತು. ಅಧಿಕಾರಿಯ ಅಂಗೈಗೆ ಮೂರು ಸೂಜಿ ನೆಟ್ಟವು.

"ಇದನ್ನ ಹೊಲಿದೋರು ಯಾರು?" ಎಂದು ಕೇಳಿದರು. "ನಾನೇ" ಎಂದ ಅಪ್ಪ. ಕೈಗೆ ಬಟ್ಟೆ ಕೊಟ್ಟು ಹೊಲಿ ನೋಡೋಣ ಎಂದರು. ಅಪ್ಪ ಹೊಲಿದದ್ದು ಕಂಡು ಪೇದೆಯೊಬ್ಬ ನಕ್ಕುಬಿಟ್ಟನಂತೆ, ಅಷ್ಟು ಸೊಟ್ಟ. ಏಟು ಬಿದ್ದವು. ಅಪ್ಪ ಮಾತು ಬದಲಿಸಲಿಲ್ಲ. ಮೂರು ವರ್ಷ ಜೈಲು, ಮತ್ತೆ ಹಡಗು ಹತ್ತುವ ಹಾಗಿಲ್ಲ. ಸಮುದ್ರ ಬಿಟ್ಟರೆ ಬೇರೆ ಗೊತ್ತಿಲ್ಲದ ಇಪ್ಪತ್ತೇಳರ ಹುಡುಗನಿಗೆ ಎರಡನೆಯದೇ ದೊಡ್ಡ ಶಿಕ್ಷೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇತ್ತ ಅವನು ತಂದುಹಾಕಿದ್ದ ಸೂಜಿ ಕೆಲಸ ಮಾಡುತ್ತಲೇ ಇದ್ದವು. ಮಾವನ ಎರಡು ಯಂತ್ರ ಹನ್ನೆರಡಾಯಿತು. ಲೇತ್ ಕೆಲಸದವನೊಬ್ಬ ಆ ಸೂಜಿಗಳನ್ನು ಅಳೆದು, ಕಾಯಿಸಿ, ಮುರಿದು, ಮತ್ತೆ ಮತ್ತೆ ಮಾಡಿ ನೋಡಿ ಕೊನೆಗೆ ಮುರಿಯದ ಸೂಜಿ ತೆಗೆದ. ಇಂದು ಅವನ ಲೇತ್ ಅಂಗಡಿಯೇ ದೊಡ್ಡ ಸೂಜಿ ಕಾರ್ಖಾನೆ, ಏಳು ದೇಶಗಳಿಗೆ ಮಾಲು ಕಳಿಸುತ್ತದೆ. ಇನ್ನೂರು ಹೊಲಿಗೆ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ಸ್ವಂತ ಸಂಪಾದನೆಯಲ್ಲಿ ಬದುಕುತ್ತಿದ್ದಾರೆ, ನಾನೂ ಒಬ್ಬಳು. ಸಂಘ ಹುಟ್ಟಿದ್ದು ಅಪ್ಪ ಒಳಗಿದ್ದಾಗಲೇ. ಬಿಡುಗಡೆಯಾಗಿ ಬಂದವನಿಗೆ ಮಾವ ತಮ್ಮ ಕಾರ್ಖಾನೆಯ ಇಸ್ತ್ರಿ ಮೇಜು ತೋರಿಸಿದರು. ಮರುವರ್ಷ ಅಮ್ಮ ಅವನನ್ನು ಮದುವೆಯಾದಳು. ಜೈಲಿಗೆ ಹೋಗಿಬಂದವನಿಗೆ ತಂಗಿಯನ್ನು ಕೊಟ್ಟ ದೊಡ್ಡ ಮನುಷ್ಯ ಎಂದು ಊರು ಮಾವನನ್ನು ಹೊಗಳಿತು. "ಯಾರೂ ಕೊಡ್ಲಿಲ್ಲ, ನಾನೇ ಹೋದೆ" ಎಂದು ಅಮ್ಮ ಈಗಲೂ ಮೂಗು ಮುರಿಯುತ್ತಾಳೆ.

ಇದನ್ನೆಲ್ಲ ಬರೆದುಕೊಂಡು, ಕೊನೆಗೆ "ದೇಶದ ಏಳಿಗೆಗಾಗಿ ಇವರು ಮಾಡಿದ ತ್ಯಾಗ ದೊಡ್ಡದು" ಎಂದು ಒಂದು ಸಾಲು ಸೇರಿಸಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಮಾವನ ಮನೆಗೆ ಹೋದೆ. ಎಂಬತ್ತನಾಲ್ಕಾದರೂ ಮಾವ ಮನೆಯಲ್ಲೂ ಇಸ್ತ್ರಿ ಅಂಗಿಯಲ್ಲೇ ಇರುತ್ತಾರೆ. ಗಾಜಿನ ಕಪಾಟಿನ ತುಂಬ ಸನ್ಮಾನದ ಫಲಕಗಳು. ಅದರ ಮುಂದೆ ಕುಳಿತು ನಿಧಾನವಾಗಿ ಓದಿದರು. ಓದುತ್ತ ಓದುತ್ತ ಮುಖ ಬಿಗಿಯಿತು.

"ಹಳೇದನ್ನೆಲ್ಲ ಯಾಕಮ್ಮ ಕೆದಕ್ತೀಯಾ? ಪುಸ್ತಕದ ಬಿಡುಗಡೆಗೆ ಮಂತ್ರಿಗಳು ಬರ್ತಾರೆ, ಸುಂಕದ ಇಲಾಖೆಯವರೂ ಬರ್ತಾರೆ."

"ಬರ್ಲಿ ಮಾವ. ಓದ್ಲಿ."

"ಅವನದ್ದು ಬರ್ಕೋ, ನಾನು ಬೇಡ ಅಂದ್ನಾ? ನನ್ನನ್ನ ಯಾಕೆ ಎಳೀತೀಯಾ? ಆಗ ಈ ಬೀದೀಲಿ ಹತ್ತು ಜನ ದರ್ಜಿಗಳಿದ್ರು. ನಾನೇ ಹೊಲಿದಿದ್ದು ಅನ್ನೋಕೆ ಏನಿದೆ?"

ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೀಗೆಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ನಿಂತುಬಿಟ್ಟೆ. ಅಪ್ಪ ನನ್ನ ಕೈ ಹಿಡಿದು ಕೂರಿಸಿದ.

"ಲೇಬಲ್ ಇತ್ತು, ಭಾವ" ಎಂದ.

"ಯಾವ ಲೇಬಲ್?"

"ನಿಮ್ಮ ಅಂಗಡೀದು. ಅಧಿಕಾರಿ ಸೆಕೆ ಅಂತ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ರು. ಕಾಲರ್ ಒಳಗೆ ನಿಮ್ಮ ಲೇಬಲ್ ಕಾಣಿಸ್ತು. ಆಮೇಲೆ ನನಗೆ ಒಳಂಗಿ ತೆಗಿ ಅಂದ್ರು. ತಲೆ ಮೇಲಿಂದ ಎಳ್ಕೊಳ್ತಿದ್ದೀನಿ, ಕತ್ತಿನ ಹತ್ರ ಅದೇ ಲೇಬಲ್, ಕಣ್ಣೆದುರಿಗೇ! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಮುಗೀತಲ್ಲ, ನೀವು, ಅಂಗಡಿ, ಎಲ್ಲ. ಬಟ್ಟೆ ಒಳಗೇ ಹಲ್ಲಿನಲ್ಲಿ ಕಿತ್ತು ನುಂಗಿಬಿಟ್ಟೆ. ಅಯ್ಯಪ್ಪಾ, ಏನು ಗಟ್ಟಿ ಹೊಲಿಗೆ! ಒಂದು ಹಲ್ಲೇ ಅಲ್ಲಾಡಿಹೋಯ್ತು."

ಯಾರೂ ನಗಲಿಲ್ಲ. ನಾನು ಅಮ್ಮನ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಅಂಗಡಿಯಲ್ಲಿ ಹೊಲಿದು ಮುಗಿದ ಬಟ್ಟೆಗಳಿಗೆಲ್ಲ ಲೇಬಲ್ ಹಾಕುವುದು ಅವಳ ಕೆಲಸ. ಸಂಜೆಯ ಹೊತ್ತಿಗೆ ಎದುರಿಗೆ ರಾಶಿ ಬಿದ್ದದ್ದನ್ನು ಒಂದೊಂದಾಗಿ ಎತ್ತಿ, ಕತ್ತು ಹುಡುಕಿ, ನಾಲ್ಕು ಮೂಲೆ ಹೊಲಿದು ಪಕ್ಕಕ್ಕೆ ಇಡುವುದು. ಕೈ ತಾನಾಗಿ ಮಾಡುವ ಕೆಲಸ, ಯಾವ ಬಟ್ಟೆ ಎಂದು ಯಾರು ನೋಡುತ್ತಾರೆ? ಸಮವಸ್ತ್ರಗಳ ನಡುವೆ ಆ ಅವಸರದ ಒಳಂಗಿಯೂ ಸೇರಿಕೊಂಡಿತ್ತು.

"ನಾನೇ ಹೊಲಿದೆ ಅದನ್ನ" ಎಂದಳು ಅಮ್ಮ. "ರೀ, ನನ್ನ ಕೈಯಿಂದಾನೇ ಅಲ್ವಾ? ನಲವತ್ತೆಂಟು ವರ್ಷ ಜೊತೇಲಿದ್ದೀನಿ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ, ಮಾಡಿದ ತಪ್ಪು ತೀರ್ಸೋಕೆ ನನ್ನನ್ನ ಮದುವೆ ಆದೆ ಅಂತ ಆಗ್ತಿತ್ತು. ನೀನು ನೀನಾಗೇ ಬಂದೆ. ಅದು ಹಾಗೇ ಇರ್ಲಿ ಅಂತ ಸುಮ್ಮನಾದೆ."

"ಎಂಥಾ ಮನುಷ್ಯ ರೀ ನೀವು!" ಎಂದು ಅಮ್ಮ ಅಪ್ಪನ ತೋಳಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಅಪ್ಪನಿಗೆ ಮಾತ್ರ ಮುಜುಗರ. ಮಾತು ತಿರುಗಿಸಲು ನನ್ನ ಕಾಗದದ ಕಡೆ ಬೆರಳು ತೋರಿಸಿದ.

"ಆ ಕೊನೇ ಸಾಲು ಹೊಡೆದುಹಾಕು. ದೇಶಕ್ಕಾಗಿ ತ್ಯಾಗವಂತೆ! ನನಗೆ ದೇಶ ಗೀಶ ಎಲ್ಲಿ ಗೊತ್ತಿತ್ತು? ಇವಳು ಕೂತಿರೋ ಅಂಗಡಿಗೆ ಪದೇ ಪದೇ ಹೋಗೋಕೆ ಒಂದು ನೆಪ ಬೇಕಿತ್ತು, ಅಷ್ಟೇ. ದೇಶ ಉದ್ಧಾರ ಆಗಿದ್ರೆ ಅದರ ಪಾಡಿಗೆ ಆಗಿರ್ಬಹುದು."

ನಾನು ಆ ಸಾಲನ್ನು ಹೊಡೆದುಹಾಕಿದೆ. ಅದು ಹೋದ ಮೇಲೆ ಪುಟವೇ ಹಗುರಾಯಿತು. ಯಾರೂ ದೇಶಕ್ಕಾಗಿ ಕದ್ದು ತರುವುದಿಲ್ಲವೇನೋ. ಒಬ್ಬ ಪ್ರೀತಿಗೆ ತರುತ್ತಾನೆ, ಒಬ್ಬ ಹೊಟ್ಟೆಪಾಡಿಗೆ, ಒಬ್ಬ ದುರಾಸೆಗೆ. ದೇಶ ಅದರಲ್ಲಿ ತನಗೆ ಬೇಕಾದದ್ದನ್ನು ಆರಿಸಿಕೊಂಡು ಬೆಳೆಯುತ್ತದೆ.

ಮಾವ ಕೈ ಚಾಚಿ ಕಾಗದ ಕೇಳಿದರು. ಹರಿದುಹಾಕುತ್ತಾರೆಂದೇ ನನಗೆ ಭಯ. ಪೆನ್ನು ಹಿಡಿದು, ನಾನು ಹೊಡೆದುಹಾಕಿದ ಸಾಲಿನ ಕೆಳಗೆ ತುಂಬ ಹೊತ್ತು ಬರೆದರು. ಸಹಿ ಹಾಕಿ ನನ್ನತ್ತ ತಳ್ಳಿ, ಕಿಟಕಿಯ ಕಡೆ ತಿರುಗಿ ಕುಳಿತರು. ನಾನು ಗಟ್ಟಿಯಾಗಿ ಓದಿದೆ:

"ಆ ಒಳಂಗಿ ಹೊಲಿದವನು ನಾನು. ನನ್ನ ಹೆಸರು ಹೇಳದೆ ಇವನು ಮೂರು ವರ್ಷ ಜೈಲಿನಲ್ಲಿದ್ದ. ಜೈಲು ನನ್ನ ಅಂಗಡಿಯಿಂದ ಎರಡು ಬೀದಿ ಆಚೆ. ನಾನು ಒಂದು ದಿನವೂ ಹೋಗಿ ನೋಡಲಿಲ್ಲ."

"ಸರಿಯಾಗಿ ಕೇಳಿಸ್ಲಿಲ್ಲ" ಎಂದ ಅಪ್ಪ. "ಇನ್ನೊಂದ್ಸಲ ಓದು."

ಅಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಇನ್ನೊಂದು ಸಲ ಓದಿದೆ.