ಎರಡು ಸಲ ಒತ್ತಿದ ಗುಂಡಿ

ಕೋಪ ಬಂದರೆ ಚೇತನಾಗೆ ಬೆಂಗಳೂರು ಕನ್ನಡ ಮರೆತುಹೋಗುತ್ತದೆ, ಬಾಗಲಕೋಟೆ ಬಾಯಿಗೆ ಬರುತ್ತದೆ. ಬಸವೇಶ್ವರನಗರದ ನಮ್ಮ ಆಫೀಸು ನರ್ಸಿಂಗ್ ಹೋಮ್‌ಗಳಿಗೆ ರೋಗಿ ನರ್ಸ್ ಕರೆಯುವ ಬೆಲ್ಲು, ಕರೆದವರ ನಂಬರು ತೋರಿಸುವ ಬೋರ್ಡು ಮಾಡಿಕೊಡುತ್ತದೆ. ವೈರಿಂಗ್ ನನ್ನದು. ಪ್ರೋಗ್ರಾಂ ಮಾಲೀಕ ನಾಗಭೂಷಣ್ ಬರೆದದ್ದು. ಅದಕ್ಕೆ ತೇಪೆ ಹಾಕುವುದು ಚೇತನಾಳ ಹಣೆಬರಹ.

ಆವತ್ತು ಹೆಗ್ಗನಹಳ್ಳಿಯ ನರ್ಸಿಂಗ್ ಹೋಮ್‌ನಿಂದ ಸುದ್ದಿ ಬಂತು. ಹೊನ್ನವ್ವ ಎಂಬ ಅಜ್ಜಿ ಬೆಲ್ ಒತ್ತಿ ಕಾದು ಕಾದು, ಯಾರೂ ಬಾರದೆ ತಾವೇ ಏಳಲು ಹೋಗಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬೋರ್ಡಿನಲ್ಲಿ ನಂಬರೇ ಬರಲಿಲ್ಲ ಎಂದು ನರ್ಸ್ ಇಂದ್ರಮ್ಮ ಅತ್ತರೂ ಯಾರೂ ನಂಬಲಿಲ್ಲ. ಸಂಜೆಯೊಳಗೆ ಅವರನ್ನು ಕೆಲಸದಿಂದ ತೆಗೆಯುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು.

ಚೇತನಾ ಊಟ ಬಿಟ್ಟು ಪ್ರೋಗ್ರಾಂ ಜಾಲಾಡಿ ತಪ್ಪು ಹುಡುಕಿದಳು. ಬೆಲ್ ಒತ್ತಿದರೆ ಆ ಕರೆಗೆ ಮೆಮೊರಿಯಲ್ಲಿ ಒಂದು ಖಾನೆ ಸಿಗುತ್ತದೆ. ನರ್ಸ್ ಬಂದು ಗುಂಡಿ ಒತ್ತಿದರೆ ಖಾನೆ ಖಾಲಿಯಾಗಿ, ಖಾಲಿ ಖಾನೆಗಳ ಸರಪಳಿಯ ಮುಂದಕ್ಕೆ ಸೇರುತ್ತದೆ. ಪ್ರತಿ ಖಾಲಿ ಖಾನೆಯೊಳಗೂ ಅದರ ಹಿಂದಿನದರ ವಿಳಾಸ ಇರುತ್ತದೆ. ಗುಂಡಿ ಎರಡು ಸಲ ಒತ್ತಿದರೆ ಖಾನೆಯೊಳಗೆ ಅದರದೇ ವಿಳಾಸ ಬಿದ್ದು, ಅದು ತನ್ನ ಹಿಂದೆ ತಾನೇ ನಿಲ್ಲುತ್ತದೆ. ಆಮೇಲೆ ಕರೆದ ಇಬ್ಬರಿಗೂ ಅದೇ ಖಾನೆ. ಎರಡನೆಯವರ ನಂಬರು ಮೊದಲಿನವರದನ್ನು ಅಳಿಸಿಹಾಕುತ್ತದೆ. ಹೊನ್ನವ್ವ ಮೊದಲಿನವರು.

"ಒಂದೇ ಸಲ ಒತ್ತೋಕೆ ಹೇಳಿದ್ರಾಯ್ತಮ್ಮ," ಎಂದರು ನಾಗಭೂಷಣ್.

"ಗುಂಡಿ ಒತ್ತಿದ್ಮೇಲೆ ಬೆಲ್ಲಿನ ದೀಪ ಆರೋದು ತಡ ಆಗತ್ತೆ ಸಾರ್, ಅದಕ್ಕೇ ಎಲ್ರೂ ಎರಡು ಸಲ ಒತ್ತುತ್ತಾರೆ. ಇಂದ್ರಮ್ಮನೂ ಒತ್ತಿದಾರೆ, ಫೋನ್ ಮಾಡಿ ಕೇಳ್ದೆ. ಖಾನೆ ಆಗ್ಲೇ ಖಾಲಿ ಇದೆಯಾ ಅಂತ ಪ್ರೋಗ್ರಾಂ ನೋಡ್ಬೇಕಿತ್ತು."

ಅಷ್ಟೇ. ಆ ಒಂದು ಸಾಲು ಬರೆದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

"ಮುಂದಿನ ಬ್ಯಾಚ್‌ಗೆ ಸರಿಮಾಡು. ನರ್ಸಿಂಗ್ ಹೋಮ್‌ನವರಿಗೆ ಏನೂ ಹೇಳ್ಬೇಡ, ನಮ್ಮ ಹೆಸರು ಹಾಳಾಗತ್ತೆ."

"ಇಂದ್ರಮ್ಮನ ಕೆಲಸ?"

"ನರ್ಸ್‌ಗಳಿಗೇನು, ಇನ್ನೊಂದ್ ಕಡೆ ಸಿಗತ್ತೆ."

ಥೂ, ಇಂಥವರ ಸಂಬಳ ತಿನ್ನುತ್ತಿದ್ದೇನಲ್ಲ ಅನ್ನಿಸಿತು. ಚೇತನಾ ಅವರೆದುರೇ ನರ್ಸಿಂಗ್ ಹೋಮ್‌ನ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಸರ್ರ, ಇಂದ್ರಮ್ಮಾರದು ತಪ್ಪಿಲ್ರಿ. ಅಜ್ಜಿ ಬೆಲ್ ಒತ್ಯಾರ, ನಮ್ಮ ಪೆಟ್ಟಿಗಿ ನುಂಗೇತಿ. ಪ್ರೋಗ್ರಾಂ ಬರದವ್ರು ಇಲ್ಲೇ ಕುಂತಾರ, ಕೊಡ್ತೀನಿ."

ಫೋನನ್ನು ಅವರ ಮೂಗಿನ ಮುಂದೆ ಹಿಡಿದಳು. ನಾಗಭೂಷಣ್ ನನ್ನತ್ತ ನೋಡಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಅವರು ಫೋನ್ ಕೈಗೆ ತೆಗೆದುಕೊಂಡು, "ಹೌದು ಡಾಕ್ಟ್ರೇ, ತಪ್ಪು ನಮ್ದೇ. ಆ ನರ್ಸ್‌ನ ತೆಗೀಬೇಡಿ," ಎಂದರು. ಫೋನ್ ಇಡಲು ಹೋದರು.

ಚೇತನಾ ಅವರ ಕೈ ತಡೆದಳು.

"ಇಡಬ್ಯಾಡ್ರಿ. ಹೊನ್ನವ್ವ ಹೆಂಗದಾರ ಕೇಳ್ರಿ."