ಸ್ಪೇನಿನ ವಿಧವೆಯರು, ನನ್ನ ಬಳೆಗಳು

ಮೊಮ್ಮಕ್ಕಳೇ, ನಿಮ್ಮ ಅಕ್ಕ ವಿಶ್ವವಿದ್ಯಾಲಯದಲ್ಲಿ ಸ್ಪೇನ್ ದೇಶದ ಇತಿಹಾಸ, ಸಾಹಿತ್ಯ ಓದುತ್ತಾಳೆ. ರಜೆಗೆ ರಾಯಬಾಗಕ್ಕೆ ಬಂದಾಗ, ಹಿಂದೆ ಅಲ್ಲಿಯ ಹಳ್ಳಿಗಳಲ್ಲಿ ಗಂಡ ಸತ್ತ ಹೆಂಗಸರು ಕೊನೆಯವರೆಗೂ ಕಪ್ಪು ಬಟ್ಟೆಯನ್ನೇ ತೊಡುತ್ತಿದ್ದರೆಂದು ಹೇಳಿದಳು.

"ಈಗೂ ತೊಡತಾರೇನ?" ಎಂದೆ.

"ಬಾಳ ಮಂದಿ ಬಿಟ್ಟಾರ, ಆಯಿ. ನಿನ್ನ ಕೈ ಯಾಕ ಬರಿದ ಐತಿ?"

ನಿಮ್ಮ ಅಜ್ಜ ಹೋದ ಮೇಲೆ ನಾನು ಬಳೆ ತೊಟ್ಟಿರಲಿಲ್ಲ. ಆಸೆಯಿತ್ತು, ಬಾಯಿಬಿಟ್ಟು ಹೇಳಲು ನಾಚಿಕೆ. ಮರುದಿನ ಸಂತೆಯಲ್ಲಿ ಅವಳು ನನ್ನನ್ನು ಬಳೆ ಅಂಗಡಿಯ ಮುಂದೆ ಕೂರಿಸಿಯೇಬಿಟ್ಟಳು. ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಯಾವ ಬಣ್ಣ ಕೊಡ್ಲಿರಿ, ಆಯಿ?" ಎಂದಳು ಬಳೆಗಾರ್ತಿ.

"ಕರೇವ ಒಂದ್ ಬಿಟ್ಟ ಯಾವ ಬೇಕಾದ್ವು ಕೊಡ್ರಿ," ಎಂದು ನಿಮ್ಮ ಅಕ್ಕ ನಕ್ಕಳು.

ನನಗೆ ಯಾವುದು ಬೇಕೆಂದು ಕೂತಾಗಲೇ ಗೊತ್ತಾಗಿತ್ತು. ಮೆಲ್ಲಗೆ ಕೈ ಹೊರಗೆ ತೆಗೆದು, ಬದನೆಕಾಯಿ ಬಣ್ಣದವನ್ನು ತೋರಿಸಿದೆ.